ವಾರಿಜಕ್ಕ ಪಣಕ್ಕಿಟ್ಟ ಮಾತು

ನಾನು ಆ ಊರಿಗೆ ಬಂದಿಳಿದ ದಿನ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಸೀತವ್ವ ಒಂದು ಮೊಳ ಮಲ್ಲಿಗೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಸ್ವಲ್ಪ ಮೂಸಿ ಹೇಳಮ್ಮ, ಇವತ್ತಿನದಾ ನಿನ್ನೇದಾ?" ಎಂದು ಕೇಳಿದಳು. ಅವಳ ಮೂಗಿಗೆ ಏನೂ ಆಗಿರಲಿಲ್ಲ. ಎದುರುಮನೆಯ ಒಲೆಯ ಮೇಲೆ ಹಾಲು ಸೀದರೆ ಇಲ್ಲಿಂದಲೇ ಕೂಗಿ ಹೇಳುವಂಥ ಮೂಗು. ಮಲ್ಲಿಗೆಯ ವಾಸನೆಯೊಂದು ಮಾತ್ರ ಅವಳ ಹತ್ತಿರ ಇರಲಿಲ್ಲ. "ಪಣಕ್ಕಿಟ್ಟಿದೀನಿ ಕಣಮ್ಮ" ಎಂದಳು, ಕೊಡೆ ಎರವಲು ಕೊಟ್ಟವರು ಹೇಳುವ ಹಾಗೆ. ಇವತ್ತಿನದೇ ಎಂದು ನಾನು ಹೇಳಿದೆ. ಅಲ್ಲಿಯ ರೂಢಿ ಅದು: ಕೊಳ್ಳುವವರೇ ಮೂಸಿ ಹೇಳುತ್ತಿದ್ದರು, ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಆ ಊರಿನ ನಾಣ್ಯದ ಹೆಸರು ಮಿಣುಕು. ಕೈಯಲ್ಲಿ ಹಿಡಿಯುವ ನಾಣ್ಯವಲ್ಲ, ಮನೆಮನೆಯ ಕಂಪ್ಯೂಟರುಗಳ ನಡುವೆ ಓಡಾಡುವ ನಾಣ್ಯ. ಯಾರು ಯಾರಿಗೆ ಕೊಟ್ಟರು ಎಂದು ನೋಡಿಕೊಳ್ಳಲು ಬ್ಯಾಂಕ್ ಇರಲಿಲ್ಲ, ಸಾಕ್ಷಿಮನೆಗಳಿದ್ದವು. ಸರದಿ ಬಂದಾಗ ಒಂದು ಮನೆಯ ಯಂತ್ರ "ಇದು ನಡೆದದ್ದು ನಿಜ" ಎನ್ನಬೇಕು, ಉಳಿದವು ಹೂಂಗುಟ್ಟಬೇಕು. ಸುಳ್ಳಿಗೆ ಹೂಂಗುಟ್ಟಿದ ಮನೆ ತನ್ನ ಪಣವನ್ನು ಕಳೆದುಕೊಳ್ಳುತ್ತಿತ್ತು. ಬೇರೆ ಕಡೆ ಇಂಥ ನಾಣ್ಯಗಳಿಗೆ ನಾಣ್ಯವನ್ನೇ ಪಣ ಇಡುತ್ತಾರೆ. ಇಲ್ಲಿ ಮನೆಯಲ್ಲೊಬ್ಬರು ತಮ್ಮದೇ ಆದ, ಯಾವ ಅಂಗಡಿಯಲ್ಲೂ ಸಿಗದಂಥದ್ದನ್ನು ಇಡಬೇಕಿತ್ತು. ಸೀತವ್ವ ಮಲ್ಲಿಗೆಯ ವಾಸನೆ ಇಟ್ಟಿದ್ದಳು. ಅಂಚೆಯ ಬೈರಪ್ಪ ಈಜು ಇಟ್ಟಿದ್ದ. ಮನೆ ಕೆರೆಯ ದಂಡೆಯಲ್ಲೇ ಇದ್ದರೂ ಮೊಣಕಾಲಿನ ಆಚೆ ನೀರಿಗಿಳಿಯುತ್ತಿರಲಿಲ್ಲ. ಇಟ್ಟದ್ದು ಇಟ್ಟ ಹಾಗೇ ಇತ್ತು. ಯಾಕೆಂದರೆ ಮೊದಲು ಕೋಡ್ ಬರೆದವರು ಪಣ ಒಳಗೆ ಹೋಗುವ ದಾರಿಯನ್ನಷ್ಟೇ ಬರೆದಿದ್ದರು. ಅದು ಹೊರಗೆ ಬರಬೇಕಾದ ಜಾಗದಲ್ಲಿ "ವಾಪಸಿನ ದಾರಿ ಆಮೇಲೆ" ಎಂದು ಒಂದು ಸಾಲು ಬರೆದು ಬಿಟ್ಟುಬಿಟ್ಟಿದ್ದರು. ಅವರು ಈಗ ಇರಲಿಲ್ಲ. ಆ ಆಮೇಲೆಯನ್ನು ಬರೆಯುವುದಕ್ಕೆಂದು ಊರಿನವರು ನನ್ನನ್ನು ಕರೆಸಿಕೊಂಡಿದ್ದರು. ನನ್ನ ಜೊತೆಗೆ ಅಲ್ಲಿಯವನೇ ಆದ ದಸ್ತಗೀರ್ ಇದ್ದ.

ನಮಗೆ ಸಿಕ್ಕ ಜಾಗ ವಾರಿಜಕ್ಕನ ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಕೆಳಗೆ ಗಿರಣಿ ಶುರುವಾದರೆ ಮೇಲೆ ಮೇಜು ನಡುಗುತ್ತಿತ್ತು, ಕೀಬೋರ್ಡಿನ ಸಂದಿಯಲ್ಲಿ ರಾಗಿಹಿಟ್ಟು ಕೂರುತ್ತಿತ್ತು. ವಾರಿಜಕ್ಕನಿಗೆ ಐವತ್ತರ ಮೇಲಾಗಿತ್ತು. ತಲೆಗೆ ಒಂದು ಬಟ್ಟೆ ಬಿಗಿದು, ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡು, ಬಂದವರ ಡಬ್ಬಿ ನೋಡಿಯೇ ಇದು ಯಾರ ಮನೆಯ ಜೋಳ ಎಂದು ಹೇಳುತ್ತಿದ್ದರು. ಗಂಡ ರಾಚಪ್ಪ ಮೋಟರು, ಬೆಲ್ಟು ನೋಡಿಕೊಳ್ಳುತ್ತಿದ್ದರು, ಮಾತು ಕಡಿಮೆ. ನಾನು ಊಟಕ್ಕೂ ಅವರ ಮನೆಯಲ್ಲೇ.

ಹಳೆಯ ಕೋಡ್ ಹಳೆಯ ಮನೆಯ ವೈರಿಂಗ್ ಇದ್ದ ಹಾಗಿತ್ತು. ಅಡುಗೆಮನೆಯ ಸ್ವಿಚ್ ಹಾಕಿದರೆ ಬಚ್ಚಲ ದೀಪ ಆರುತ್ತಿತ್ತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಏನಾಗುತ್ತದೋ ಎಂದು ನಾವು ಊರಿನ ನಿಜವಾದ ಯಂತ್ರಗಳಿಂದ ದೂರ, ಮೇಲಿನ ಕೋಣೆಯಲ್ಲೇ ಒಂದು ಸಣ್ಣ ನಕಲು ಜಾಲ ಮಾಡಿಕೊಂಡು ಪರೀಕ್ಷೆ ನಡೆಸುತ್ತಿದ್ದೆವು. ದಸ್ತಗೀರ್ ಚಿಟಿಕೆ ಹೊಡೆಯುವುದನ್ನು ಪಣಕ್ಕಿಟ್ಟ. ಬೆರಳಿಗೆ ಬೆರಳು ಉಜ್ಜಿದ, ಸದ್ದೇ ಇಲ್ಲ. ವಾಪಸಿನ ದಾರಿಯನ್ನು ನಾನು ಚಾಲೂ ಮಾಡಿದೆ. ಅವನ ಬೆರಳು ಹಾಗೇ ಮೂಕವಾಗಿತ್ತು. ಹುಟ್ಟಿದಾಗಿನಿಂದ ಚಿಟಿಕೆ ಬಾರದ ನನ್ನ ಕೈಯಲ್ಲಿ ಟಪ್ ಎಂದು ಸದ್ದು ಬಂತು. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಇಬ್ಬರಿಗೂ ಒಂದೇ ಯೋಚನೆ ಬಂತು. ಇದೇ ತಪ್ಪು ಊರಿನ ಜಾಲದಲ್ಲಿ ಆಗಿದ್ದರೆ? ಒಬ್ಬರ ಬದುಕಿನ ತುಂಡು ಇನ್ನೊಬ್ಬರ ಮನೆ ಸೇರಿದ್ದರೆ? ಎಲ್ಲೋ ಒಂದು ಕಡೆ ಪಣ ಕೊಟ್ಟವರ ಗುರುತಿನ ಬದಲು ವಾಪಸು ಕೇಳಿದವರ ಗುರುತನ್ನು ಕೋಡ್ ಹಿಡಿಯುತ್ತಿತ್ತು. ಅದನ್ನು ಹುಡುಕಿ ಸರಿಮಾಡಿ, ಚಿಟಿಕೆ ಅವನಿಗೆ ಮರಳುವವರೆಗೆ ನನಗೆ ಊಟ ಸೇರಲಿಲ್ಲ.

ಆ ದಿನಗಳಲ್ಲೇ ವಾರಿಜಕ್ಕನ ತಮ್ಮ ಬಂದು ತಾಯಿಯನ್ನು ಬಿಟ್ಟುಹೋದ. ಅವನಿಗೆ ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ದೇಜಮ್ಮ ಎಂದು ತಾಯಿಯ ಹೆಸರು. ಸಮುದ್ರದ ಕಡೆಯವರು, ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದವರು. ತುಳು ಮನೆಮಾತು, ಸಂತೆಯಲ್ಲಿ, ಬೀಡಿ ಕೊಡುವಲ್ಲಿ ಆಡಿ ಆಡಿ ಕನ್ನಡವೂ ಚೆನ್ನಾಗಿ ಬರುತ್ತಿತ್ತಂತೆ. ಆದರೆ ಹಿಂದಿನ ವರ್ಷ ಲಕ್ವ ಹೊಡೆದು ಎದ್ದ ಮೇಲೆ ಕನ್ನಡ ಪೂರ್ತಿ ಹೋಗಿಬಿಟ್ಟಿತ್ತು. ತುಳು ಒಂದೇ ಉಳಿದಿತ್ತು.

ವಾರಿಜಕ್ಕ ಪಣಕ್ಕಿಟ್ಟದ್ದು ತುಳುವನ್ನು.

"ಮದುವೆಯಾಗಿ ಬಂದ ಹೊಸತು" ಎಂದು ಅವರು ನನಗೆ ಹೇಳಿದರು, ಜರಡಿ ಆಡಿಸುತ್ತಾ. "ಗಿರಣಿಗೆ ಗಿರಾಕಿ ಬರ್ಬೇಕಾದ್ರೆ ಸಾಕ್ಷಿಮನೆ ಆಗಿದ್ರೆ ಒಳ್ಳೇದು ಅಂದ್ರು. ಇವರ ಹತ್ರ ಇಡೋಕೆ ಏನೂ ಇರಲಿಲ್ಲ. ನಾನು ಯೋಚನೆ ಮಾಡ್ದೆ, ಈ ಊರಲ್ಲಿ ನಾನು ಯಾರ ಹತ್ರ ತುಳು ಮಾತಾಡ್ಬೇಕು? ಅಟ್ಟದ ಮೇಲಿನ ಕೊಪ್ಪರಿಗೆ ಹಾಗೆ ಸುಮ್ನೆ ಬಿದ್ದಿತ್ತು. ಅಮ್ಮನಿಗೆ ಕನ್ನಡ ಬರ್ತದಲ್ಲ, ಅವಳ ಹತ್ರ ಕನ್ನಡದಲ್ಲೇ ಮಾತಾಡಿದ್ರಾಯ್ತು ಅಂತ ಇಟ್ಬಿಟ್ಟೆ."

"ಅಮ್ಮ ಬೇಜಾರು ಮಾಡ್ಕೊಳ್ಳಲಿಲ್ವಾ?"

"ಒಂದೆರಡು ವರ್ಷ ಮಾತು ಬಿಟ್ಟಿದ್ಲು. ಆಮೇಲೆ ಕನ್ನಡದಲ್ಲೇ ಬಯ್ಯೋಕೆ ಶುರು ಮಾಡಿದ್ಲು" ಎಂದು ನಕ್ಕರು.

ಆದರೆ ಆ ನಗು ಉಳಿಯಲಿಲ್ಲ. ತಾಯಿ ಇಡೀ ದಿನ ಗಿರಣಿಯ ಪಕ್ಕದ ಜಗಲಿಯಲ್ಲಿ ಕೂತು ಮಾತನಾಡುತ್ತಿದ್ದರು. ಮಡಿಲಲ್ಲಿ ಬೆರಳುಗಳು ಇಲ್ಲದ ಎಲೆಯನ್ನು ಸುತ್ತಿ, ಇಲ್ಲದ ದಾರವನ್ನು ಕಟ್ಟುತ್ತಿದ್ದವು. ವಾರಿಜಕ್ಕನಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬಿದ್ದಂತೆ ಕೇಳುತ್ತದೆ, ಎನ್ನುತ್ತಿದ್ದರು. ಕಲಿಸಿದರೂ ನಿಲ್ಲುತ್ತಿರಲಿಲ್ಲ. ತಮ್ಮ ಹೋಗುವ ಮುಂಚೆ "ನೀರಿಗೆ ನೀರ್ ಅನ್ನು, ಊಟಕ್ಕೆ ಒಣಸ್ ಅನ್ನು" ಎಂದು ಎಷ್ಟು ಹೇಳಿಕೊಟ್ಟರೂ ಹಿಟ್ಟು ಜರಡಿಯಿಂದ ಜಾರಿದಂತೆ ಜಾರಿಹೋಗುತ್ತಿತ್ತು.

ಹಾಗಾಗಿ ನಾನು ಕಲಿತೆ. ಮಧ್ಯಾಹ್ನ ಕೆಲಸ ಬಿಟ್ಟು ಕೆಳಗೆ ಬಂದು ಅಜ್ಜಿಯ ಹತ್ತಿರ ಕೂರುತ್ತಿದ್ದೆ. ವಸ್ತು ತೋರಿಸಿದರೆ ಹೆಸರು ಹೇಳುತ್ತಿದ್ದರು. ತಪ್ಪು ಹೇಳಿದರೆ ನನ್ನ ಕೈಯ ಮೇಲೆ ಹಗುರವಾಗಿ ಒಂದು ಏಟು. ಸ್ವಲ್ಪ ಸ್ವಲ್ಪ ಅರ್ಥವಾಗತೊಡಗಿದ ಮೇಲೆ, ಅರ್ಥವಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಲಕ್ವದ ಜೊತೆಗೆ ಮುಖಗಳ ಗುರುತೂ ಮಸುಕಾಗಿ, ಅಜ್ಜಿಗೆ ವಾರಿಜಕ್ಕ ತನ್ನ ಮಗಳೆಂದು ಗೊತ್ತಿರಲಿಲ್ಲ. ಈ ಮನೆಯಲ್ಲಿ ತನ್ನನ್ನು ಇಟ್ಟುಕೊಂಡಿರುವ ಯಾರೋ ಒಳ್ಳೆಯ ಹೆಂಗಸು ಎಂದುಕೊಂಡಿದ್ದರು. ತುಳುವಿನಲ್ಲಿ ನೀನು ಎನ್ನುವುದಕ್ಕೆ "ಈ", ನೀವು ಎನ್ನುವುದಕ್ಕೆ "ಈರ್". ಅಜ್ಜಿ ನನ್ನನ್ನು ಮೊದಲ ವಾರದಲ್ಲೇ "ಈ" ಎಂದು ಕರೆದರು. ವಾರಿಜಕ್ಕನನ್ನು ಯಾವಾಗಲೂ "ಈರ್" ಎಂದೇ. ಅವರು ತಟ್ಟೆ ಇಟ್ಟರೆ ಎದ್ದು ನಿಲ್ಲಲು ನೋಡುತ್ತಿದ್ದರು. ತಲೆ ಬಾಚಲು ಬಂದರೆ ನಿಮಗೆ ಯಾಕೆ ತೊಂದರೆ ಎಂದು ಸಂಕೋಚಪಡುತ್ತಿದ್ದರು.

ನಾನೊಮ್ಮೆ ನನ್ನ ಮುರುಕು ತುಳುವಿನಲ್ಲಿ, ಇವರೇ ನಿಮ್ಮ ಮಗಳು ವಾರಿಜ ಎಂದೆ. ಅಜ್ಜಿ ಮುಖ ತಿರುಗಿಸಿ ವಾರಿಜಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಪಾಪ ಎನ್ನುವ ದನಿಯಲ್ಲಿ ಹೇಳಿದರು: ನನ್ನ ಮಗಳಿಗೆ ತುಳು ಬರುವುದಿಲ್ಲವಾ? ಹಾಲಿನ ಜೊತೆಗೆ ಕುಡಿಸಿದ್ದೇನೆ.

"ಏನಂದ್ಲು?" ವಾರಿಜಕ್ಕ ಕೇಳಿದರು.

ನಾನು ಇದ್ದದ್ದನ್ನೇ ಹೇಳಿದೆ. ಆ ಊರಲ್ಲಿದ್ದು ಇದ್ದು ನನಗೂ ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. ಅವರು ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡು, "ಸರಿಯಾಗೇ ಹೇಳಿದ್ಲು" ಎಂದು ಒಳಗೆ ಹೋದರು. ಮಾರನೆಯ ಬೆಳಿಗ್ಗೆ ಮೆಟ್ಟಿಲು ಹತ್ತಿ ನಮ್ಮ ಕೋಣೆಗೆ ಬಂದರು. ಅಲ್ಲಿಯವರೆಗೆ ಒಮ್ಮೆಯೂ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು, "ನಿಮ್ಮ ಕೆಲಸ ಎಷ್ಟು ದೂರ ಬಂತು, ಮಂದಾಕಿನಿ?" ಎಂದರು. "ಅವಸರ ಮಾಡ್ತಿಲ್ಲ. ಸುಮ್ನೆ ಕೇಳಿದ್ದು." ಆ ಸುಮ್ಮನೆಯನ್ನು ಹೊತ್ತುಕೊಂಡು ನಾವಿಬ್ಬರೂ ಕೆಲಸ ಮಾಡಿದೆವು.

ಹೊಸ ಸಾಫ್ಟ್‌ವೇರ್ ಸಿದ್ಧವಾಯಿತು. ಆದರೆ ಅದನ್ನು ನಾವು ಊರಿನ ಮೇಲೆ ಹೇರುವಂತಿರಲಿಲ್ಲ. ಪ್ರತಿ ಸಾಕ್ಷಿಮನೆಯೂ ತಾನಾಗಿ ಹಾಕಿಕೊಳ್ಳಬೇಕು. ಮೂರು ಪಾಲಿನಲ್ಲಿ ಎರಡು ಪಾಲು ಮನೆಗಳು ಹೊಸದಕ್ಕೆ ಬಂದರೆ ಮಾತ್ರ ಅದು ನಿಲ್ಲುತ್ತದೆ. ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಎಲ್ಲರಿಗೂ ಖುಷಿಯೋ ಖುಷಿ. ಆಗ ಕಂಚುಗಾರ ಬೀದಿಯ ಗುರುಶಾಂತಪ್ಪನವರು ಎದ್ದು ನಿಂತರು. ನಾಣ್ಯ ಶುರುವಾದಾಗ ಮೊದಲು ಪಣ ಇಟ್ಟವರು ಅವರು. ಇಟ್ಟದ್ದು ಕೊಳಲು. ಅವರು ನುಡಿಸಿದರೆ ಎಮ್ಮೆಗಳು ಮೇವು ಬಿಟ್ಟು ನಿಲ್ಲುತ್ತಿದ್ದವು ಎಂದು ಹಳಬರು ಹೇಳುತ್ತಿದ್ದರು. ಈಗ ಊದಿದರೆ ಬರೀ ಗಾಳಿ.

"ಬಾಗಿಲು ತೆಗೀತೀರಿ, ಸರಿ" ಎಂದರು. "ಎಲ್ಲರೂ ತಮ್ಮ ತಮ್ಮದು ತಗೊಂಡು ಎದ್ದುಹೋದ್ರೆ ಸಾಕ್ಷಿ ಹೇಳೋರು ಯಾರು? ಪಣ ಇಲ್ಲದ ಮಾತಿಗೆ ತೂಕ ಎಲ್ಲಿದೆ? ನಾನಂತೂ ಹಾಕ್ಕೊಳ್ಳಲ್ಲ."

ಅವರ ಬೀದಿ ದೊಡ್ಡದು. ಅವರು ಕೂತರೆ ಬೀದಿ ಕೂರುತ್ತಿತ್ತು, ಎದ್ದರೆ ಏಳುತ್ತಿತ್ತು. ಆದರೂ ಹೇಗೋ ಆಗುತ್ತದೆ ಎಂದುಕೊಂಡು ನಾವು ದಿನ ಗೊತ್ತುಮಾಡಿದೆವು.

ಸಂತೆಯ ದಿನ, ಎಲ್ಲರೂ ಎಚ್ಚರವಾಗಿರುವ ಹೊತ್ತೇ ಒಳ್ಳೆಯದೆಂದು ಬೆಳಗಿನ ಹೊತ್ತಿಗೆ ಬದಲಾವಣೆ ಇಟ್ಟುಕೊಂಡೆವು. ಗೊತ್ತಾದ ಗಳಿಗೆ ಬಂತು. ಹೊಸದನ್ನು ಹಾಕಿಕೊಂಡ ಮನೆಗಳು ಹೊಸ ದಾರಿ ಹಿಡಿದವು. ಕಂಚುಗಾರ ಬೀದಿ ಹಳೆಯ ದಾರಿಯಲ್ಲೇ ಹೋಯಿತು. ನಮ್ಮ ಕಡೆಗೆ ಎರಡು ಪಾಲು ಆಗಲು ಇನ್ನೂ ಸ್ವಲ್ಪ ಬೇಕಿತ್ತು; ಅವರ ಕಡೆ ಅರ್ಧವೂ ಇರಲಿಲ್ಲ. ಯಾವುದೂ ಗಟ್ಟಿಯಾಗಲಿಲ್ಲ. ಮಿಣುಕು ನಡುದಾರಿಯಲ್ಲಿ ನಿಂತುಬಿಟ್ಟಿತು.

ಕಿಟಕಿಯಿಂದ ನೋಡಿದರೆ ಸಂತೆ ಕಾಣುತ್ತಿತ್ತು. ಬದನೆಕಾಯಿ ಕೊಂಡವರು ಒಂದು ದಾರಿಯಲ್ಲಿ ಕೊಂಡಿದ್ದರು, ಇನ್ನೊಂದು ದಾರಿಯಲ್ಲಿ ಕೊಂಡೇ ಇರಲಿಲ್ಲ. ಜಗಳವಾಗುತ್ತದೆ ಎಂದು ನಾನು ಕಿಟಕಿ ಬಿಟ್ಟು ಕದಲಲಿಲ್ಲ. ದಸ್ತಗೀರ್ ಉಗುರು ಕಚ್ಚುತ್ತಾ ಪರದೆ ನೋಡುತ್ತಿದ್ದ. ಆದರೆ ಕೆಳಗೆ ಯಾರೋ ಹೆಂಗಸು, "ತಗೊಂಡ್ಹೋಗು, ಯಂತ್ರ ಸರಿಹೋದ್ಮೇಲೆ ಸರಿಹೋಗ್ತದೆ" ಎಂದು ಸೊಪ್ಪನ್ನು ಇನ್ನೊಬ್ಬಳ ಚೀಲಕ್ಕೆ ತುರುಕಿದಳು. ಹಾಗೇ ನಡೆಯಿತು ಸಂತೆ. ಮಧ್ಯಾಹ್ನದವರೆಗೂ ಊರು ಬಾಯಿಮಾತಿನ ಮೇಲೆ ನಿಂತಿತ್ತು. ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಆಗದಿದ್ದರೆ ನಾವು ಎಲ್ಲವನ್ನೂ ಹಳೆಯದಕ್ಕೇ ಮರಳಿಸಬೇಕು, ವಾಪಸಿನ ದಾರಿ ಮತ್ತೆ "ಆಮೇಲೆ" ಆಗುತ್ತದೆ.

ವಾರಿಜಕ್ಕ ಗಿರಣಿ ನಿಲ್ಲಿಸಿ ಮೇಲೆ ಬಂದರು. "ಏನಾಯ್ತು?"

ಹೇಳಿದೆ.

"ಗುರುಶಾಂತಪ್ಪನೋರ ಮನೆಗೆ ಹೋಗಿ ಬರೋಣ ನಡಿ" ಎಂದರು. ತಾಯಿಯನ್ನು ಬಿಟ್ಟುಬರುವ ಹಾಗಿರಲಿಲ್ಲ. ಅವರಿಗೂ ಒಗೆದ ಸೀರೆ ಉಡಿಸಿ, ಕೈಹಿಡಿದು ನಡೆಸಿಕೊಂಡು ಹೊರಟೆವು. ಅಜ್ಜಿಗೆ ಯಾರದೋ ಮನೆಗೆ ಊಟಕ್ಕೆ ಹೊರಟ ಸಂಭ್ರಮ.

ಗುರುಶಾಂತಪ್ಪನವರು ಕಟ್ಟೆಯ ಮೇಲೆ ಕೂತಿದ್ದರು, ನಮ್ಮನ್ನೇ ಕಾಯುತ್ತಿದ್ದವರ ಹಾಗೆ. ಸಿಟ್ಟಾಗಿರಲಿಲ್ಲ. ಒಳಗೆ ಕರೆದು, ಚಾಪೆ ಹಾಸಿಸಿ, ಮಜ್ಜಿಗೆ ತರಿಸಿದರು. "ನನ್ನ ಬಯ್ಯೋಕೆ ಬಂದ್ರಾ?" ಎಂದರು.

"ಇಲ್ಲ ಅಣ್ಣಾ. ಕೇಳೋಕೆ ಬಂದೆ" ಎಂದರು ವಾರಿಜಕ್ಕ. "ಸಭೆಯಲ್ಲಿ ಹೇಳಿದ್ದು ಸರಿ. ಅದಲ್ದೆ ಬೇರೆ ಏನಾದ್ರೂ ಇದ್ಯಾ ಅಂತ."

ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು. ಆಮೇಲೆ ತಮ್ಮ ಕೈಯನ್ನು ಎತ್ತಿ ನಮಗೆ ತೋರಿಸಿದರು. ಬೆರಳ ಗೆಣ್ಣುಗಳು ಊದಿ ಸೊಟ್ಟಗಾಗಿದ್ದವು. "ಕೊಳಲು ಒಳಗಿದೆ ಅನ್ನೋ ಧೈರ್ಯದಲ್ಲಿ ಇಷ್ಟು ವರ್ಷ ಬದುಕಿದೀನಿ ಕಣಮ್ಮ. ಯಾರಾದ್ರೂ ಕೇಳಿದ್ರೆ, ಪಣದಲ್ಲಿದೆ ಅಂತೀನಿ. ನಾಳೆ ಅದು ವಾಪಸ್ ಬಂದು, ಈ ಬೆರಳಲ್ಲಿ ನುಡೀದೆ ಹೋದ್ರೆ? ಆಗ ಏನಂತ ಹೇಳ್ಲಿ?"

ಅಷ್ಟರಲ್ಲಿ ಅಜ್ಜಿ ಅವರ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, "ಒಣಸ್ ಆಂಡಾ?" ಎಂದರು.

"ಏನಂತಾರೆ ತಾಯಿ?" ಗುರುಶಾಂತಪ್ಪ ವಾರಿಜಕ್ಕನನ್ನು ಕೇಳಿದರು. ವಾರಿಜಕ್ಕ ನನ್ನ ಮುಖ ನೋಡಿದರು. "ಊಟ ಆಯ್ತಾ ಅಂತ ಕೇಳ್ತಿದಾರೆ" ಎಂದೆ ನಾನು. ಗುರುಶಾಂತಪ್ಪನವರ ಕಣ್ಣು ಅವರಿಂದ ನನಗೆ, ನನ್ನಿಂದ ಅಜ್ಜಿಗೆ ಹೋಗಿ ಮತ್ತೆ ವಾರಿಜಕ್ಕನ ಮೇಲೆ ನಿಂತಿತು.

"ನಿನ್ನ ಹೆತ್ತೋಳು ಏನಂದ್ಲು ಅನ್ನೋದು ನಿಂಗೆ ಈ ಹುಡುಗಿ ಹೇಳ್ಬೇಕಾ?"

"ಹೂಂ."

"ನೀನು ಯಾರು ಅಂತ ಅವರಿಗೆ ಗೊತ್ತಾ?"

"ಅನ್ನ ಹಾಕೋ ಮನೆಯೋಳು ಅಂತ ಗೊತ್ತು."

ಅವರು ತಲೆ ತಗ್ಗಿಸಿದರು. "ನಿಂಗೆ ಭಯ ಇಲ್ವೇನಮ್ಮ? ಇಷ್ಟು ವರ್ಷ ಒಳಗಿದ್ದದ್ದು. ತುಕ್ಕು ಹಿಡಿದಿದ್ರೆ?"

"ತುಕ್ಕು ಹಿಡಿದಿದ್ರೂ ನಂದೇ ಅಲ್ವಾ ಅಣ್ಣ" ಎಂದರು ವಾರಿಜಕ್ಕ. "ತಪ್ಪು ತಪ್ಪು ಮಾತಾಡ್ತೀನಿ. ಅಮ್ಮ ತಿದ್ತಾಳೆ. ತಿದ್ದೋರು ಇರೋವಾಗ್ಲೇ ಬೇಕು ನಂಗೆ. ಆಮೇಲೆ ಚೊಕ್ಕವಾಗಿ ಬಂದು ಏನು ಮಾಡ್ಲಿ?"

ಅಜ್ಜಿ ಮಜ್ಜಿಗೆ ಕುಡಿದು, ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದರು. ಗುರುಶಾಂತಪ್ಪನವರೇ ಎದ್ದು ಬಂದು ಆ ಲೋಟ ತೆಗೆದುಕೊಂಡರು. "ಊಟ ಆಯ್ತು ತಾಯಿ" ಎಂದು ಜೋರಾಗಿ, ಕಿವುಡರಿಗೆ ಹೇಳುವಂತೆ ಹೇಳಿದರು. ನಂತರ ನನ್ನ ಕಡೆ ನೋಡದೆಯೇ, "ಬಾರಮ್ಮ, ಯಂತ್ರ ಒಳಗಿದೆ. ಏನು ಒತ್ತಬೇಕು ತೋರ್ಸು" ಎಂದರು.

ಅವರ ಮನೆಯ ಯಂತ್ರ ಹೊಸದಕ್ಕೆ ತಿರುಗಿತು. ಅವರು ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ಬೀದಿಗೆ ಕೂಗಿ ಹೇಳಿದರು. ಸ್ವಲ್ಪ ಹೊತ್ತಿಗೆ ಗಿರಣಿಯ ಮೇಲಿನ ಕಿಟಕಿಯಿಂದ ದಸ್ತಗೀರನ ಕೇಕೆ ಕೇಳಿಸಿತು. ಸಂತೆಯ ಬದನೆಕಾಯಿ, ಸೊಪ್ಪು, ಬಳೆ, ಬತ್ತಾಸು ಎಲ್ಲ ಒಂದೊಂದಾಗಿ "ನಡೆದದ್ದು ನಿಜ" ಆದವು.

ವಾಪಸು ಕೇಳಿದವರಿಗೆಲ್ಲ ಒಟ್ಟಿಗೇ ಕೊಡುವಂತಿರಲಿಲ್ಲ. ಸಾಕ್ಷಿಮನೆಗಳು ಒಮ್ಮೆಗೇ ಖಾಲಿಯಾಗಬಾರದೆಂದು ನಾವೇ ಸಾಲು ಇಟ್ಟಿದ್ದೆವು: ದಿನಕ್ಕೆ ಒಂದು ಮನೆ, ಕೇಳಿದವರು ಕೇಳಿದ ಸರದಿಯಲ್ಲಿ. ವಾರಿಜಕ್ಕ ಕಂಚುಗಾರ ಬೀದಿಯಿಂದ ಮನೆಗೆ ಬಂದು ಗುಂಡಿ ಒತ್ತುವ ಹೊತ್ತಿಗೆ ಸಾಲು ಬೆಳೆದಿತ್ತು. ಅಜ್ಜಿಗೆ ಆ ವಾರ ಜ್ವರ ಬಂತು. ಮಾತು ಕಡಿಮೆಯಾಯಿತು. ನನ್ನ ಕೈಯ ಮೇಲೆ ಬೀಳುತ್ತಿದ್ದ ಏಟೂ ನಿಂತಿತು.

ಸುದ್ದಿ ಹೇಗೆ ಹಬ್ಬಿತೋ, ಸಾಲಿನಲ್ಲಿ ಮುಂದಿದ್ದವರು ಕೆಲವರು ಬಂದು ತಮ್ಮ ಕೋರಿಕೆ ಹಿಂದಕ್ಕೆ ತೆಗೆದು ಕೊನೆಯಲ್ಲಿ ನಿಂತರು. ಸೀತವ್ವ ಬಂದವಳು, "ಇಷ್ಟು ವರ್ಷ ನೀವೆಲ್ಲ ಮೂಸಿ ಹೇಳ್ಲಿಲ್ವಾ, ಇನ್ನೊಂದಿಷ್ಟು ದಿನ ಹೇಳಿ" ಎಂದಳು. ಎಲ್ಲರೂ ಹಾಗೆ ಮಾಡಲಿಲ್ಲ. ಬೈರಪ್ಪ ಅಂಚೆ ಚೀಲ ಹೊತ್ತು ಗಿರಣಿಯ ಮುಂದೆ ನಿಂತು, "ನಾನು ಬಿಡಲ್ಲ ಅಕ್ಕ. ಕೆರೆ ನೋಡ್ಕೊಂಡೇ ಮುದುಕ ಆದೆ" ಎಂದ. ಕಣ್ಣಲ್ಲಿ ನೀರಿತ್ತು.

"ಯಾಕ್ ಬಿಡ್ಬೇಕು? ಬಿಡ್ಬೇಡ" ಎಂದರು ವಾರಿಜಕ್ಕ. "ನಾವೂ ನೋಡೋಕೆ ಬರ್ತೀವಿ."

ಹೋದೆವು. ಅಂದು ಅಜ್ಜಿಗೆ ಜ್ವರ ಸ್ವಲ್ಪ ಇಳಿದಿತ್ತು. ರಾಚಪ್ಪನವರು ಎತ್ತಿಕೊಂಡೇ ಕರೆತಂದು ದಂಡೆಯ ಕಲ್ಲಿನ ಮೇಲೆ ಕೂರಿಸಿದರು. ಬೈರಪ್ಪ ನೀರಿಗೆ ಬಿದ್ದ. ಮುಳುಗಿದ, ನೀರು ಕುಡಿದ, ಕೆಮ್ಮಿದ. ಹೆಂಡತಿ ದಂಡೆಯಿಂದ ಚೀರಿಕೊಂಡಳು. ಆಮೇಲೆ ಅವನ ಕೈ ತಾನಾಗಿ ಎದ್ದು ಬಿತ್ತು, ಮತ್ತೆ ಎದ್ದಿತು, ಅವನು ಕೆರೆಯ ನಡುವಿನವರೆಗೆ ಹೋಗಿ ಅಂಗಾತ ತೇಲುತ್ತಾ ಆಕಾಶಕ್ಕೆ ಏನೇನೋ ಕೂಗಿದ. ಅಜ್ಜಿ ಚಪ್ಪಾಳೆ ತಟ್ಟಿದರು. ಸಮುದ್ರದ ಕಡೆಯವರಲ್ಲವೇ, ಈಜುವವರನ್ನು ಕಂಡರೆ ಆಸೆ.

ಊರು ಖಾಲಿಯಾಗುತ್ತದೆ ಎಂದು ಗುರುಶಾಂತಪ್ಪ ಹೆದರಿದ್ದರಲ್ಲ, ಹಾಗಾಗಲಿಲ್ಲ. ವಾಪಸು ಪಡೆದ ಎಷ್ಟೋ ಜನ ಒಂದೆರಡು ದಿನ ಅದನ್ನು ಅನುಭವಿಸಿ, ಬೇರೆ ಏನನ್ನೋ ಇಟ್ಟು ಮತ್ತೆ ಸಾಕ್ಷಿಗೆ ಕೂತರು. ಹೊರಗೆ ಬರುವ ದಾರಿ ಇದೆ ಎಂದಾದ ಮೇಲೆ ಒಳಗೆ ಹೋಗುವುದಕ್ಕೆ ಯಾರಿಗೂ ಅಂಜಿಕೆ ಇರಲಿಲ್ಲ. ಬೈರಪ್ಪ ತನ್ನ ಗೊರಕೆಯನ್ನು ಇಡಲು ಬಂದ. ಅದಕ್ಕೆ ಅವನ ಹೆಂಡತಿಯ ಒತ್ತಾಯವೇ ಜಾಸ್ತಿ ಇದ್ದದ್ದರಿಂದ ನಾವು ಒಪ್ಪಲಿಲ್ಲ.

ವಾರಿಜಕ್ಕನ ಸರದಿ ಬಂದದ್ದು ಒಂದು ಮಾಮೂಲಿ ಬೆಳಿಗ್ಗೆ. ನಾನು ಮೇಲೆ ಪರದೆಯ ಮುಂದೆ ಕೂತಿದ್ದೆ. ಚಿಟಿಕೆ ನನ್ನ ಕೈಗೆ ಬಂದದ್ದು ನೆನಪಾಗಿ, ಅವರ ತುಳು ನನಗೇ ಬಂದುಬಿಟ್ಟರೆ ಎಂದು ಗುರುತನ್ನು ಮತ್ತೆ ಮತ್ತೆ ನೋಡಿದೆ. ಗುರುತು ಸರಿಯಿತ್ತು. ಪಣ ಅವರ ಕಡೆಗೇ ಹೋಯಿತು. ನಾನು ಮೆಟ್ಟಿಲು ಇಳಿದು ಅರ್ಧದಲ್ಲೇ ನಿಂತೆ.

ಗಿರಣಿ ಇನ್ನೂ ಶುರುವಾಗಿರಲಿಲ್ಲ. ವಾರಿಜಕ್ಕ ಜಗಲಿಯಲ್ಲಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಪಕ್ಕದಲ್ಲಿ ಅಜ್ಜಿ ಕಂಬಕ್ಕೆ ಒರಗಿ, ಕಾಲು ಚಾಚಿ, ಎಂದಿನಂತೆ ಮೆಲ್ಲಗೆ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಅಕ್ಕಿ ದಪ್ಪ ಇದೆ, ಗಂಜಿಗೆ ಒಳ್ಳೆಯದು ಎನ್ನುತ್ತಿದ್ದರು. ವಾರಿಜಕ್ಕನ ಕೈ ಅಕ್ಕಿಯ ಮೇಲೆ ನಿಂತಿತು. ತಲೆ ಎತ್ತಲಿಲ್ಲ. ಇನ್ನೂ ಸ್ವಲ್ಪ ಮಾತಾಡಲಿ ಎಂದು ಕಾಯುವವರಂತೆ ಹಾಗೇ ಕೂತಿದ್ದರು. ಅಜ್ಜಿ ಮಾತಾಡಿದರು: ಇಂಥ ಅಕ್ಕಿಯ ಗಂಜಿಗೆ ಒಂದು ಚೂರು ಉಪ್ಪಿನಕಾಯಿ ಇದ್ದರೆ ಸಾಕು, ನನ್ನ ಮಗಳು ಸಣ್ಣವಳಿದ್ದಾಗ ಉಪ್ಪಿನಕಾಯಿ ನೆಕ್ಕಿ ಗಂಜಿ ಬಿಡುತ್ತಿದ್ದಳು.

"ಅಪ್ಪೇ" ಎಂದರು ವಾರಿಜಕ್ಕ. ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ. "ಅಪ್ಪೇ, ಯಾನ್ ವಾರಿಜ."

ಅಜ್ಜಿ ಮಾತು ನಿಲ್ಲಿಸಿ ಅವರನ್ನು ನೋಡಿದರು. ಮುಖ, ಹುಬ್ಬಿನ ಹಿಟ್ಟು, ಕೈ, ಮತ್ತೆ ಮುಖ. ಆಮೇಲೆ ಅಜ್ಜಿಯ ಮುಖ ಸಿಟ್ಟಿನಿಂದ ಕೆಂಪಾಯಿತು. ಕೈ ಎತ್ತಿ ವಾರಿಜಕ್ಕನ ತೋಳಿಗೆ ಒಂದು ಬಾರಿಸಿದರು. ಬಾಯಿಂದ ಬಂದದ್ದು "ಈರ್" ಅಲ್ಲ, "ಈ".

ನೀನು ಇಷ್ಟು ದಿನ ಎಲ್ಲಿ ಸತ್ತಿದ್ದೆ, ಎಂದರು. ಒಬ್ಬಳನ್ನೇ ಬೇರೆಯವರ ಮನೆಯಲ್ಲಿ ಬಿಟ್ಟು ಹೋಗುವುದಾ?

ವಾರಿಜಕ್ಕ ಏನೋ ಹೇಳಲು ಹೋಗಿ ತಪ್ಪು ಹೇಳಿದರು. ಅಜ್ಜಿ ತಿದ್ದಿದರು. ಇನ್ನೊಂದು ತಪ್ಪು, ಮತ್ತೆ ತಿದ್ದಿದರು. ಮೊರ ಪಕ್ಕಕ್ಕೆ ಸರಿಯಿತು, ಅಕ್ಕಿ ಚೆಲ್ಲಿತು. ವಾರಿಜಕ್ಕ ತಾಯಿಯ ಮಡಿಲಲ್ಲಿ ತಲೆ ಇಟ್ಟಿದ್ದರು, ಅಜ್ಜಿ ಅವರ ತಲೆಗೆ ಬಿಗಿದ ಬಟ್ಟೆ ಬಿಚ್ಚಿ, ಕೂದಲೆಲ್ಲ ಇಷ್ಟು ನರೆತಿದೆಯಲ್ಲ, ಎಣ್ಣೆ ಹಾಕುವುದಿಲ್ಲವಾ ಎಂದು ಗೊಣಗುತ್ತಿದ್ದರು. ಮೋಟರಿನ ಹತ್ತಿರ ನಿಂತಿದ್ದ ರಾಚಪ್ಪನವರು ಸ್ವಿಚ್ಚಿನ ಮೇಲಿನ ಕೈ ತೆಗೆದು, ಹೊರಗೆ ಕಾಯುತ್ತಿದ್ದ ಗಿರಾಕಿಗಳಿಗೆ "ಇವತ್ತು ಕರೆಂಟಿಲ್ಲ" ಎಂದರು. ಅವರ ತಲೆಯ ಮೇಲೆಯೇ ದೀಪ ಉರಿಯುತ್ತಿತ್ತು. ಯಾರೂ ಏನೂ ಅನ್ನದೆ ಡಬ್ಬಿಗಳನ್ನು ಅಲ್ಲೇ ಇಟ್ಟು ಹೋದರು.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಆಚೆ ಈಚೆ ನೋಡಿ ದನಿ ತಗ್ಗಿಸಿದರು. ಅಷ್ಟು ದಿನಗಳಲ್ಲಿ ನನಗೆ ಅವರ ಮಾತು ತಡೆಯಿಲ್ಲದೆ ತಿಳಿಯುವಂತಾಗಿತ್ತು.

"ಈ ಮನೆಯ ಹೆಂಗಸು ಇದ್ದಾಳಲ್ಲ, ತುಂಬ ಒಳ್ಳೆಯವಳು. ಪಾಪ, ಮಾತು ಬರುವುದಿಲ್ಲ. ಆದರೆ ಬಿಸಿನೀರು ಬೇಕು ಅಂತ ನಾನು ಒಂದು ದಿನ ಕೇಳಬೇಕಾಗಲಿಲ್ಲ. ಜ್ವರ ಬಂದಾಗ ಕಾಲು ಒತ್ತಿದಳು. ಹೋಗುವ ಮೊದಲು ನೀನು ಒಳಗೆ ಹೋಗಿ ಅವಳಿಗೆ ಒಂದು ಮಾತು ಹೇಳಿ ಬಾ. ಹೇಳದೆ ಹೋದರೆ ಚೆನ್ನಾಗಿರುವುದಿಲ್ಲ."

ವಾರಿಜಕ್ಕ ತಾಯಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ "ಆಯಿತು" ಎಂದು ಎದ್ದು ಒಳಗೆ ಹೋದರು. ಮೆಟ್ಟಿಲಿನಿಂದ ನನಗೆ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ತಂಬಿಗೆಯ ನೀರಿನಿಂದ ಮುಖ ತೊಳೆದರು. ಹಿಟ್ಟೆಲ್ಲ ಹೋಗಿ ಅವರ ಹುಬ್ಬುಗಳು ಕಪ್ಪಗೆ ಕಂಡವು. ಸೆರಗು ಸರಿಮಾಡಿಕೊಂಡು ಹೊರಗೆ ಬಂದು ತಾಯಿಯ ಪಕ್ಕ ಕೂತರು.

"ಹೇಳಿದೆಯಾ?"

"ಹೇಳಿದೆ."

"ಏನು ಹೇಳಿದಳು?"

"ಇನ್ನೂ ಸ್ವಲ್ಪ ದಿನ ಇದ್ದು ಹೋಗಿ ಅಂತ ಹೇಳಿದಳು."

ಅಜ್ಜಿ ಯೋಚಿಸಿದರು. ಕಂಬಕ್ಕೆ ಮತ್ತೆ ಒರಗಿ, ಕಾಲು ನೀಡಿಕೊಂಡರು.

"ಅಷ್ಟು ಹೇಳುವಾಗ ಹೇಗೆ ಹೋಗುವುದು? ಇರುವ" ಎಂದರು. "ನೀನೂ ಇರು."